ಶ್ರೀರಂಗಪಟ್ಟಣದ ಡಿ ಮ್ಯೂರನ್ ದಂಡು

ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂಬ ಮಾತೊಂದುಂಟು. ಒಡೆಯನ ಅನ್ನವನ್ನುಂಡ ಭಟನು ಪ್ರಾಣವನ್ನು ಕೊಟ್ಟಾದರೂ ಆ ಋಣವನ್ನು ತೀರಿಸತಕ್ಕದ್ದೆಂಬುದು ಅದರ ತಾತ್ಪರ್ಯ. ಆದರೆ ಯಾರ ಜೋಳವನ್ನು ತಾನು ಉಣ್ಣುತ್ತಿರುವೆನೆಂಬುದೇ ಭಟನಿಗೆ ತಿಳಿಯದಂತೆ ಒಡೆಯನು ಬದಲಾದರೆ ಆ ಪಾಳಿಯ ಗತಿಯೇನು? ಈ ಪ್ರಶ್ನೆಯನ್ನೆಬ್ಬಿಸುವ ದಂಡೊಂದು ನಮ್ಮ ಸೀಮೆಯಲ್ಲಿಯೇ ಏಳು ವರ್ಷ ಬೀಡುಬಿಟ್ಟಿತ್ತು. ಅದರ ಚರಿತ್ರೆಯನ್ನು ಈಗ ಸಂಕ್ಷೇಪವಾಗಿ ಹೇಳುವೆನು.

ಬೂದಿಗೆರೆಯ ಕಡೆಯವರಿಗೆ ದೇವನಹಳ್ಳಿಯ ಕೋಟೆ ಹೊಸದಲ್ಲ. 1749ರ ಮುತ್ತಿಗೆಯಲ್ಲಿ ಹೈದರನು ಹೆಸರು ಗಳಿಸಿದ್ದು ಅಲ್ಲಿ; ಟಿಪ್ಪು ಹುಟ್ಟಿದ್ದೂ ಅಲ್ಲಿಯೇ. 1761ರಲ್ಲಿ ಪುದುಚೇರಿ ಇಂಗ್ಲಿಷರ ವಶವಾದ ಸಮಯದಲ್ಲಿ ಸುಮಾರು 300 ಮಂದಿ ಫ್ರೆಂಚ್ ಸವಾರರು ಹೈದರನನ್ನು ಸೇರಿದರು. 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಲಾಲಿಯೆಂಬವನ ಫ್ರೆಂಚ್ ಪಡೆ ಮೈಸೂರಿನ ಪಕ್ಷದಲ್ಲಿ ಹೋರಾಡಿತು. ಹೀಗಾಗಿ ಫ್ರೆಂಚ್ ನುಡಿಯುವ ಸಿಪಾಯಿಯೆಂದರೆ ಮೈಸೂರಿನ ಮಿತ್ರನೆಂದು ಎಣಿಸುವುದು ರೂಢಿಯಾಯಿತು. 1799ರಲ್ಲಿ ಈ ಎಣಿಕೆ ತಪ್ಪಿತು.

ಜೂರಾ ಪರ್ವತಗಳ ಸೆರಗಿನಲ್ಲಿ ನ್ಯೂಶಾಟೆಲ್ ಎಂಬ ಸಂಸ್ಥಾನವಿದ್ದಿತು. ಈಗ ಅದು ಸ್ವಿಟ್ಜರ್ಲೆಂಡಿನ ಒಂದು ಪ್ರಾಂತ. ಅಲ್ಲಿಯ ಜನರ ಮಾತು ಫ್ರೆಂಚ್. ಆಗಿನ ಅರಸನೋ ಪ್ರಷ್ಯದ ದೊರೆ. ಆ ಊರಿನ ಷಾರ್ಲ್ ದನಿಯೆಲ್ ಡಿ ಮ್ಯೂರನ್ ಎಂಬ ಕೌಂಟನು 1781ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪೆನಿಗಾಗಿ ಒಂದು ಕಾಲಾಳು ದಂಡನ್ನು ಕಟ್ಟಿದನು. ದಂಡು ಮೊದಲು ಆಫ್ರಿಕದ ಗುಡ್ ಹೋಪ್ ಭೂಶಿರದಲ್ಲಿ, ಬಳಿಕ ಸಿಂಹಳದಲ್ಲಿ ಕಾವಲಿದ್ದಿತು. ಹೆಸರು ಮ್ಯೂರನ್ನನದು, ದಂಡೂ ಅವನ ಸ್ವತ್ತೇ. ತೋಟವನ್ನು ಗುತ್ತಿಗೆಗೆ ಕೊಟ್ಟಂತೆ ದಂಡನ್ನು ಸಂಬಳಕ್ಕೆ ಕೊಡುವುದು ಆ ಕಾಲದ ಪದ್ಧತಿ.

1795ರಲ್ಲಿ ಫ್ರೆಂಚ್ ಕ್ರಾಂತಿಸೇನೆ ಹಾಲೆಂಡನ್ನು ಆಕ್ರಮಿಸಿತು. ಸಿಂಹಳದ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷರು ಹ್ಯೂ ಕ್ಲೆಗ್ಹಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರಾಧ್ಯಾಪಕನನ್ನು ನ್ಯೂಶಾಟೆಲಿಗೆ ಕಳುಹಿಸಿದರು. ಆ ವರ್ಷದ ಮಾರ್ಚಿಯಲ್ಲಿ ಒಪ್ಪಂದವಾಯಿತು: ದಂಡು ಬ್ರಿಟಿಷರಿಗೆ, ಕೌಂಟನಿಗೆ ಮೇಜರ್ ಜನರಲ್ ಪದವಿ. ಕೊಲಂಬೊ ಕೋಟೆಯೊಳಗಿದ್ದ ಅಧಿಕಾರಿಗಳಿಗೆ ಈ ವಾರ್ತೆಯನ್ನು ಡಚ್ ಚೀಸಿನ ಗಡ್ಡೆಯೊಳಗೆ ಅಡಗಿಸಿ ಮುಟ್ಟಿಸಿದರೆಂಬ ಕಥೆಯುಂಟು. ಸಾವಿರಾರು ಮೈಲಿಗಳಾಚೆ ಇಬ್ಬರು ರುಜು ಹಾಕಿದರು. ಇಲ್ಲಿಯ ಸಿಪಾಯಿಯ ಶತ್ರು ಮಿತ್ರರು ಅದಲುಬದಲಾದರು. 1796ರ ಫೆಬ್ರವರಿಯಲ್ಲಿ ಕೊಲಂಬೊ ಬಿದ್ದಿತು.

ಆ ದಂಡೇ 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯದೊಡನೆ ಶ್ರೀರಂಗಪಟ್ಟಣಕ್ಕೆ ಬಂದಿತು. ಕೋಟೆಯೊಳಗೆ ಟಿಪ್ಪುವಿನ ಬಳಿ ಅಲ್ಪಸಂಖ್ಯೆಯ ಫ್ರೆಂಚರಿದ್ದರು. ಮಾರಿಷಸ್ ದ್ವೀಪದಿಂದ ದೊಡ್ಡ ಸೈನ್ಯವನ್ನು ಬಯಸಿದ್ದ ಸುಲ್ತಾನನಿಗೆ 1798ರ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಬಂದಿಳಿದವರು ಸುಮಾರು 100 ಮಂದಿ ಮಾತ್ರ. ಮೇ 4ರ ಮಧ್ಯಾಹ್ನ ಬೇರ್ಡನು ಕಾವೇರಿಯನ್ನು ದಾಟಿ ಲಗ್ಗೆಯಿಟ್ಟಾಗ ಮ್ಯೂರನ್ ದಂಡಿನ ಆಯ್ದ ತುಕಡಿಗಳು ಅವನ ಜೊತೆಗಿದ್ದವು. ಉಳಿದ ತುಕಡಿಗಳು ಕರ್ನಲ್ ವೆಲ್ಲೆಸ್ಲಿಯ ಕೈಕೆಳಗೆ ಕಂದಕಗಳಲ್ಲಿ ಮೀಸಲು ಪಡೆಯಾಗಿ ನಿಂತಿದ್ದವು. ಗೋಡೆಯ ಒಳಗೂ ಹೊರಗೂ ಫ್ರೆಂಚ್ ನುಡಿ! ಬೇರ್ಡನಿಗೆ ಹಗೆಯ ಕಾರಣವಿದ್ದಿತು. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಇದೇ ಪಟ್ಟಣದಲ್ಲಿ ವರ್ಷಗಟ್ಟಳೆ ಬಂದಿಯಾಗಿದ್ದವನು ಅವನು. ನ್ಯೂಶಾಟೆಲಿನ ರೈತನ ಮಗನಿಗೆ ಮೈಸೂರಿನ ಮೇಲೆ ಯಾವ ಹಗೆ?

ಪಟ್ಟಣ ಬಿದ್ದು ಸುಲ್ತಾನನು ಮಡಿದ ಮೇಲೆ ದಂಡು 1806ರವರೆಗೆ ದಕ್ಷಿಣದಲ್ಲಿದ್ದಿತು. ಶ್ರೀರಂಗಪಟ್ಟಣವೇ ಅದರ ಮುಖ್ಯ ಠಾಣ್ಯ. ಅಲ್ಲಿಯ ಗ್ಯಾರಿಸನ್ ಸ್ಮಶಾನದಲ್ಲಿ ಕಾವೇರಿಯ ಪಕ್ಕದಲ್ಲಿಯೇ ಆ ದಂಡಿನವರ ಗೋರಿಗಳಿವೆ. ಬಹುಕಾಲ ಪಾಳುಬಿದ್ದಿದ್ದ ಆ ಸ್ಥಳವನ್ನು ಈಚೆಗೆ ಮ್ಯೂರನ್ ವಂಶಸ್ಥರ ನೆರವಿನಿಂದ ಜೀರ್ಣೋದ್ಧಾರ ಮಾಡಲಾಗಿದೆ.

ಉಳಿದವರು ಮೆಡಿಟರೇನಿಯನ್ ಸಮುದ್ರದ ದ್ವೀಪಗಳನ್ನು ಕಾದು, 1813ರಲ್ಲಿ ಕೆನಡಕ್ಕೆ ಹೋದರು. 1816ರಲ್ಲಿ ದಂಡು ವಿಸರ್ಜನೆಯಾಯಿತು. ಕೆಲವರು ಲಾರ್ಡ್ ಸೆಲ್ಕರ್ಕನ ಸಂಬಳಕ್ಕೆ ಸೇರಿ ರೆಡ್ ನದಿಯ ದಂಡೆಯಲ್ಲಿ ನೆಲಸಿದರು. 1826ರ ಮಹಾಪ್ರವಾಹ ಅವರಲ್ಲಿ ಬಹುಮಂದಿಯನ್ನು ಅಲ್ಲಿಂದಲೂ ಎಬ್ಬಿಸಿತು. ವಿನ್ನಿಪೆಗ್ ನಗರದ ಫ್ರೆಂಚ್ ಬಡಾವಣೆಯೊಂದರಲ್ಲಿ ‘ಡೆ ಮ್ಯೂರನ್’ ಎಂಬ ಬೀದಿ ಇಂದಿಗೂ ಇದೆ.

ಡಚ್ಚರು, ಬ್ರಿಟಿಷರು, ಸೆಲ್ಕರ್ಕ್: ಮೂವರು ಒಡೆಯರು. ಈ ಸಿಪಾಯಿಗಳನ್ನು ದ್ರೋಹಿಗಳೆನ್ನುವುದು ಸುಲಭ. ಆದರೆ ಉಂಡ ಮನೆಗೆ ಎರಡು ಬಗೆದವರು ಅವರಲ್ಲ. ಮನೆಯನ್ನೇ ಅವರ ತಲೆಯ ಮೇಲೆ ಮಾರಿದವರು ಬೇರೆಯವರು. ಶ್ರೀರಂಗಪಟ್ಟಣಕ್ಕೆ ಹೋದವರು ಸುಲ್ತಾನನು ಬಿದ್ದ ಸ್ಥಳವನ್ನು ನೋಡಿ ನಿಟ್ಟುಸಿರುಬಿಡುವುದು ಯುಕ್ತವೇ. ಹಾಗೆಯೇ ಆ ಸ್ಮಶಾನಕ್ಕೂ ಹೋಗಿ, ತಮ್ಮದಲ್ಲದ ಜಗಳಕ್ಕಾಗಿ ಇಷ್ಟು ದೂರ ಬಂದು ಮಣ್ಣಾದವರ ಹೆಸರುಗಳನ್ನೊಮ್ಮೆ ಓದಿದರೆ, ಯುದ್ಧದ ಲೆಕ್ಕದಲ್ಲಿ ಬರೆಯದೆ ಬಿಟ್ಟ ಬಾಬೊಂದು ಮನಸ್ಸಿಗೆ ಹೊಳೆದೀತು.