ಚಕ್ಕಳಮಕ್ಕಳ ಹಾಕಿ ಕೂತ ಗಿಟಾರು

ಹೋದ ಮಳೆಗಾಲದಲ್ಲಿ ಎರಡು ದಿನ ಹೆಬ್ಬೆಯಲ್ಲಿದ್ದೆ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತವಾಗಿ ಧುಮುಕುವ ಆ ನೀರಿನ ಬಳಿ ಹೋಗಲು ಮಳೆ ಬಿಡಲಿಲ್ಲ. ಮನೆಯಲ್ಲಿಯೇ ಕುಳಿತು, ಹಳೆಯ ಕಚೇರಿಗಳಲ್ಲೇ ಬೆಳೆದ ಮಿತ್ರರೊಬ್ಬರಿಗೆ ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿದೆ. ಐದು ನಿಮಿಷವಾಗುವುದರೊಳಗೆ ಅವರು "ಇದು ಕಲಬೆರಕೆಯಪ್ಪಾ" ಎಂದುಬಿಟ್ಟರು. ಆ ಮಾತು ನನ್ನನ್ನು ಬಿಡದೆ ಕಾಡಿತು.

ಮುದ್ರಿಕೆಯ ಹೆಸರು 'ಶಕ್ತಿ'. 1975ರ ಜುಲೈ 5ರಂದು ಅಮೆರಿಕದ ಲಾಂಗ್ ಐಲೆಂಡಿನ ಸೌತ್ ಹ್ಯಾಂಪ್ಟನ್ ಕಾಲೇಜಿನಲ್ಲಿ ನಡೆದ ಕಚೇರಿ, 1976ರಲ್ಲಿ ಹೊರಬಂದಿತು. ಗಿಟಾರು ನುಡಿಸಿದವರು ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್. ಅದುವರೆಗೆ ವಿದ್ಯುತ್ ಗಿಟಾರಿನ ಅಬ್ಬರದಿಂದ ಹೆಸರಾಗಿದ್ದ ಜಾಜ್ ವಾದಕರು. ಜೊತೆಗೆ ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನರ ತಬಲ, ವಿನಾಯಕರಾಮ್ ಅವರ ಘಟ, ರಾಘವನ್ ಅವರ ಮೃದಂಗ. ಉತ್ತರದ ತಬಲವೂ ದಕ್ಷಿಣದ ಘಟವೂ ಒಂದೇ ಜಮಖಾನೆಯ ಮೇಲೆ ಕುಳಿತುದು ಆಗ ಸಣ್ಣ ಸಂಗತಿಯೇನಲ್ಲ. ಗಿಟಾರೂ ಕುರ್ಚಿ ಬಿಟ್ಟು ಅವರ ಸಾಲಿನಲ್ಲೇ ಕುಳಿತಿತು. ಮುದ್ರಿಕೆಯ ಒಂದು ಮಗ್ಗುಲಿನಲ್ಲಿ ಎರಡು ಕೃತಿ. ಇನ್ನೊಂದರಲ್ಲಿ 29 ನಿಮಿಷದ ಒಂದೇ ಕೃತಿ. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಇಷ್ಟು ಬಿಡುವಾಗಿ ನುಡಿಸಲು ಧೈರ್ಯ ಬಂದೀತೇ? ಸಭಿಕರೆದುರು ಬಂದಿತು, ಅವರ ಚಪ್ಪಾಳೆಯೂ ಮುದ್ರಿಕೆಯಲ್ಲಿ ಉಳಿದಿದೆ.

ನನಗೆ ಹೆಚ್ಚು ಕುತೂಹಲ ಗಿಟಾರಿನ ಮೈಕಟ್ಟಿನಲ್ಲಿ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ನಿಂತಿರುತ್ತವೆ. ತಂತಿಯನ್ನು ಎಳೆದರೆ ಗಮಕ ಒದಗುತ್ತದೆ. ಗಿಟಾರಿನಲ್ಲಿ ಬೆರಳು ಒತ್ತಿದೊಡನೆ ಮರಕ್ಕೆ ತಾಗುತ್ತದೆ, ಸ್ವರ ಅಲ್ಲಿಯೇ ಗಟ್ಟಿಯಾಗಿ ನಿಂತುಬಿಡುತ್ತದೆ. ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತಿದ್ದ ಮೆಕ್‌ಲಾಫ್ಲಿನ್ ಈ ತೊಡಕನ್ನು ಬಲ್ಲರು. ಶಕ್ತಿಯ ದಿನಗಳಲ್ಲಿ ಏಬ್ರಹಾಂ ವೆಕ್ಟರ್ ಎಂಬ ಕುಶಲಿಯು ಅವರಿಗಾಗಿ ಮೆಟ್ಟಿಲುಗಳ ನಡುವಿನ ಮರವನ್ನು ಬಟ್ಟಲಿನಂತೆ ತೋಡಿ, ಅನುರಣನಕ್ಕೆಂದು ಏಳು ತಂತಿಗಳನ್ನು ಅಡ್ಡಲಾಗಿ ಕಟ್ಟಿಕೊಟ್ಟರು. ವಾದ್ಯವನ್ನೇ ಕೆತ್ತಿಸಿಕೊಂಡವನನ್ನು ಕಲಬೆರಕೆಯವನೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಆದರೂ ಮಿತ್ರರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾರೆ: ಕೆಲವೆಡೆ ವೇಗದ ಹುಮ್ಮಸ್ಸಿಗೆ ರಾಗ ಬಲಿಯಾಗಿದೆ.

ಇತ್ತ ನಮ್ಮ ನಾಡಿನಲ್ಲಿಯೂ ಇಂಥ ಪ್ರಯತ್ನ ನಡೆದಿತ್ತು. ಬೆಂಗಳೂರಿನಲ್ಲಿ 1964ರಲ್ಲಿ ಟಿ.ಎ.ಎಸ್. ಮಣಿಯವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯಗಳ ಶಾಲೆಯನ್ನು ಆರಂಭಿಸಿದರು. ಅವರ ಪತ್ನಿ ಆರ್.ಎ. ರಮಾಮಣಿಯವರ ಗಾಯನ ಆ ತಂಡದ ಜೀವ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಸೇರಿದರು. ಮಲೇಷಿಯದಲ್ಲಿದ್ದಾಗ ನಾಗಸ್ವರವನ್ನು ಕಲಿತಿದ್ದ ಮನುಷ್ಯ. ಗಮಕ ಅವರಿಗೆ ಅಪರಿಚಿತವಾಗಿರಲಿಲ್ಲ. 'ಜ್ಯೋತಿ' ಎಂಬ ಮುದ್ರಿಕೆ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂದಿತು. ಕಚೇರಿಯದೇ ಮುದ್ರಣವಾದ 'ಲೈವ್' 1990ರಲ್ಲಿ. ಇಲ್ಲಿ ಮೃದಂಗ, ಕೊನ್ನಕೋಲುಗಳು ಪಕ್ಕದಲ್ಲಿ ಕೂರುವುದಿಲ್ಲ, ನಡುವೆ ಕೂರುತ್ತವೆ. ಅತಿಥಿಯೇ ಅವುಗಳ ಲೆಕ್ಕಕ್ಕೆ ಬರಬೇಕು. ತನಿ ಆವರ್ತನಕ್ಕೆ ಜನ ಎದ್ದುಹೋಗುವ ನಮ್ಮ ಸಭೆಗಳನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು. ಬೆಂಗಳೂರಿನ ಈ ಸಂಗೀತ ಜರ್ಮನಿಯನ್ನು ಸುತ್ತಿಕೊಂಡು ನನ್ನ ಕೈಸೇರಿತು ಎನ್ನಲು ಸ್ವಲ್ಪ ನಾಚಿಕೆಯಾಗುತ್ತದೆ.

ಮರಿಯಾನೊ 2009ರಲ್ಲಿ, ಮಣಿಯವರು 2020ರಲ್ಲಿ ತೀರಿಕೊಂಡರು. ಜಾಕಿರರು 2024ರ ಡಿಸೆಂಬರಿನಲ್ಲಿ ಹೋದರು; ಅದೇ ವರುಷದ ಫೆಬ್ರವರಿಯಲ್ಲಿ ಶಕ್ತಿಯ 'ದಿಸ್ ಮೊಮೆಂಟ್'ಗೆ ಗ್ರ್ಯಾಮಿ ಬಂದಿತ್ತು.

ಎರಡನೆಯ ದಿನ ಮಿತ್ರರಿಗೆ 'ಜ್ಯೋತಿ'ಯನ್ನು ಕೇಳಿಸಿದೆ. ಒಪ್ಪಿದೆನೆಂದು ಅವರು ಹೇಳಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಡುವೆ ಒಮ್ಮೆ ಎಣಿಕೆ ತಪ್ಪಿತು. "ತಡಿ, ಮೊದಲಿಂದ ಹಾಕು" ಎಂದರು.