ಪರನಾಡಿನ ತರಗತಿಗಳೇ ಕಟ್ಟಿದ ಇಂಗ್ಲಿಷ್ ಬೋಧನೆ

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಶಾಸ್ತ್ರ ಇಂಗ್ಲೆಂಡಿನಲ್ಲೇ ಸಿದ್ಧವಾಗಿ ಹೊರನಾಡುಗಳಿಗೆ ಹೋಯಿತೆಂದು ನಂಬಿದವರು ಬಹಳ. ಆದರೆ ಅದರ ಮುಖ್ಯ ವಿಚಾರಗಳು ರೂಪುಗೊಂಡದ್ದು ಢಾಕಾ, ಟೋಕಿಯೊ, ಬೆಂಗಳೂರುಗಳಲ್ಲಿ. ಮನೆಯಲ್ಲಿ ಇಂಗ್ಲಿಷಿನ ಗಾಳಿಯೇ ಇಲ್ಲದ ಮಕ್ಕಳ ನಡುವೆ.

ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್, ಬಂಗಾಳದ ಶಾಲೆಗಳನ್ನು ಕುರಿತ 1926ರ ಗ್ರಂಥದಲ್ಲಿ ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಅರ್ಧಕ್ಕೇ ಶಾಲೆ ಬಿಡುವ ಹುಡುಗನಿಗೆ ಅಷ್ಟರವರೆಗೆ ಕಲಿತ ಇಂಗ್ಲಿಷಿನಿಂದ ದಕ್ಕುವುದೇನು? ಕೊನೆಗೆ ಓದಲಾದರೂ ಬರಲಿ ಎಂದು ಅವರು ಆಯ್ದ ಪದಗಳಲ್ಲೇ ಪಾಠಪುಸ್ತಕಗಳನ್ನು ಬರೆದರು.

ಟೋಕಿಯೊದಲ್ಲಿ ಹೆರಾಲ್ಡ್ ಪಾಮರ್ ಹಿಡಿದ ದಾರಿ ಬೇರೆ. 1922ರಲ್ಲಿ ಜಪಾನ್ ಸರ್ಕಾರದ ಸಲಹೆಗಾರರಾಗಿ ಬಂದ ಅವರು ಮರುವರ್ಷವೇ ಸಂಶೋಧನಾ ಸಂಸ್ಥೆ ಕಟ್ಟಿ, ಮೊದಲು ಕಿವಿ ಮತ್ತು ನಾಲಿಗೆ ಪಳಗಲಿ ಎಂದರು. ಆದರೆ ಪರೀಕ್ಷೆ ಕೇಳುತ್ತಿದ್ದುದು ವಾಕ್ಯವನ್ನು ಪದಪದವಾಗಿ ಬಿಡಿಸಿ ಜಪಾನಿ ಭಾಷೆಗೆ ತಿರುಗಿಸುವುದನ್ನು. 1936ರಲ್ಲಿ ಪಾಮರ್ ಹೊರಟುಹೋದರು, ಪರೀಕ್ಷೆ ಉಳಿಯಿತು. ಅವರೊಡನೆ ದುಡಿದ ಎ.ಎಸ್. ಹಾರ್ನ್‌ಬಿ ಕಲಿಯುವವರ ತೊಡಕನ್ನು ಹತ್ತಿರದಿಂದ ಕಂಡವರು. ‘ಹಿ ಟೋಲ್ಡ್ ಮಿ ಟು ಗೋ’ ಸರಿಯಾದರೆ ‘ಹಿ ಸಜೆಸ್ಟೆಡ್ ಮಿ ಟು ಗೋ’ ಯಾಕೆ ತಪ್ಪು? ಇಂಗ್ಲಿಷ್ ಮನೆಮಾತಿನವರಿಗೆ ಈ ಪ್ರಶ್ನೆಯೇ ಹುಟ್ಟದು. ಯಾವ ಕ್ರಿಯಾಪದ ಯಾವ ರಚನೆಯಲ್ಲಿ ಬರುತ್ತದೆಂದು ತೋರಿಸುವ ಅವರ ನಿಘಂಟು ಯುದ್ಧದ ನಡುವೆ, 1942ರಲ್ಲಿ, ಟೋಕಿಯೊದಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿದ ಮೇಲೆ ಲೋಕದ ತುಂಬ ಹರಡಿತು.

ನಮ್ಮವರೇ ಹೆಚ್ಚು ಮರೆತಿರುವುದು ಬೆಂಗಳೂರಿನ ಪಾಲನ್ನು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ವ್ಯಾಕರಣದ ಪಟ್ಟಿ ಹಿಡಿದು ಪಾಠ ಮಾಡುವುದನ್ನು ಅವರು ಕೈಬಿಟ್ಟರು. ರೈಲಿನ ವೇಳಾಪಟ್ಟಿ ಕೊಟ್ಟು, ಯಾವ ಗಾಡಿ ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದೆಂದು ಇಂಗ್ಲಿಷಿನಲ್ಲಿ ಕೇಳುವುದು. ಮೊದಲು ಇಡೀ ತರಗತಿ ಮೇಷ್ಟ್ರ ಜೊತೆ ಒಂದು ಲೆಕ್ಕ ಬಿಡಿಸಿ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಬಿಡಿಸುವುದು. ಮನಸ್ಸು ಅರ್ಥದ ಬೆನ್ನು ಹತ್ತಿದ್ದಾಗ ವ್ಯಾಕರಣ ತಾನಾಗಿ ಕೂಡಿಬರುತ್ತದೆಂಬುದು ಅವರ ವಾದ. ಇಂದು ಜಗತ್ತಿನ ತರಬೇತಿಗಳಲ್ಲಿ ಕಲಿಸುವ ಕಾರ್ಯಾಧಾರಿತ ಬೋಧನೆಯ ಒಂದು ಮುಖ್ಯ ಬೇರು ಇಲ್ಲಿದೆ.

ಆದರೂ ಜನ ಹುಡುಕಿದ್ದು ವಿಧಾನವನ್ನಲ್ಲ, ಉಚ್ಚಾರಣೆಯನ್ನು. 1987ರಲ್ಲಿ ಜಪಾನ್ ಜೆಟ್ ಯೋಜನೆಯಡಿ ಇಂಗ್ಲಿಷ್ ನಾಡುಗಳ ಯುವಕ ಯುವತಿಯರನ್ನು ಶಾಲೆಗಳಿಗೆ ಕರೆಸತೊಡಗಿತು. ಬೋಧನೆಯ ತರಬೇತಿ ಕಡ್ಡಾಯವಿರಲಿಲ್ಲ. ಎಷ್ಟೋ ಕಡೆ ಅವರ ಕೆಲಸ ಪಾಠವನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೇ ನಿಂತಿತು. ಅದೇ ಜಪಾನಿನಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಖಾಸಗಿ ಸಂಸ್ಥೆಗಳ ಪರೀಕ್ಷೆ ಬಳಸಿ ಮಾತಿನ ಕೌಶಲವನ್ನೂ ಅಳೆಯುವ ಯೋಜನೆ 2019ರಲ್ಲಿ ಮುಂದಕ್ಕೆ ಹೋಗಿ, 2021ರಲ್ಲಿ ರದ್ದಾಯಿತು. ಪಾಮರ್ ಎದುರಿಸಿದ ಗೋಡೆಯೇ ಅದು.

ಇಂಗ್ಲಿಷ್ ಮನೆಮಾತಿನವನೇ ಉತ್ತಮ ಶಿಕ್ಷಕನೆಂಬ ನಂಬಿಕೆ ಹುಸಿಯೆಂದು ರಾಬರ್ಟ್ ಫಿಲಿಪ್ಸನ್ 1992ರಲ್ಲೇ ಬಲವಾಗಿ ವಾದಿಸಿದ್ದರು. ದಕ್ಷಿಣ ಕೊರಿಯಾದ ಇಂಗ್ಲಿಷ್ ಶಿಕ್ಷಕರ ವೀಸಾ ಮಾತ್ರ ಏಳು ದೇಶಗಳ ಪ್ರಜೆಗಳಿಗೇ ಮೀಸಲಾಗಿ ಬಂದಿದೆ. ಪ್ರಭು ಅವರ ದೇಶದ ಅರ್ಹ ಶಿಕ್ಷಕರಿಗೆ ಸಹಾಯಕ ಹುದ್ದೆಯ ದಾರಿ ತೆರೆಯಲು 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದವೊಂದು ಬೇಕಾಯಿತು.