ಹಬ್ಬದ ತಿಂಗಳುಗಳೂ ಮುನಿಗಳ ವರ್ಷಾಯೋಗವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಹೆಸರುಗಳನ್ನು ಕೇಳಿದೊಡನೆ ಹೊರನಾಡಿನ ಕನ್ನಡಿಗರಿಗೆ ಕಬ್ಬು, ತಂಬಾಕು, ಗಡಿಯ ತಂಟೆ ಇವಿಷ್ಟೇ ನೆನಪಿಗೆ ಬರುವುದು ಸಹಜ. ಆದರೆ ಕೃಷ್ಣೆಯೂ ಅದರ ಉಪನದಿಗಳಾದ ವೇದಗಂಗಾ ದೂಧಗಂಗೆಗಳೂ ಹರಿದು ಫಲವತ್ತಾಗಿಸಿರುವ ಈ ಎರೆಯ ನೆಲವು ಕಳೆದ ಶತಮಾನದಲ್ಲಿ ದಿಗಂಬರ ಜೈನ ಸಂಪ್ರದಾಯಕ್ಕೆ ನಾಲ್ವರು ಪ್ರಖ್ಯಾತ ಆಚಾರ್ಯರನ್ನು ಕೊಟ್ಟಿತೆಂಬುದೂ, ಅವರು ಧರ್ಮಪ್ರಭಾವನೆಗಾಗಿ ವರ್ಷಗಟ್ಟಲೆ ಹಬ್ಬಹುಣ್ಣಿಮೆಗಳನ್ನು ಪರಭಾಷೆಯ ಸೀಮೆಗಳಲ್ಲಿ ಕಳೆದರೆಂಬುದೂ ಈ ಭಾಗದ ಹೊರಗೆ ಅಷ್ಟಾಗಿ ತಿಳಿದ ಸಂಗತಿಯಲ್ಲ. ಭೋಜದ ಶಾಂತಿಸಾಗರರು, ಕೋಥಳಿಯ ದೇಶಭೂಷಣರು, ಶೇಡಬಾಳದ ವಿದ್ಯಾನಂದರು, ಸದಲಗೆಯ ವಿದ್ಯಾಸಾಗರರು ಇವರೇ ಆ ನಾಲ್ವರು. ಭೋಜವು ಈಗ ನಿಪ್ಪಾಣಿ ತಾಲೂಕಿಗೂ ಶೇಡಬಾಳವು ಕಾಗವಾಡ ತಾಲೂಕಿಗೂ ಸೇರಿದ್ದರೆ, ಉಳಿದೆರಡು ಚಿಕ್ಕೋಡಿಯ ಸೀಮೆಯ ಊರುಗಳು.

ದಿಗಂಬರ ಮುನಿಗೆ ವಾಹನವಿಲ್ಲ, ಹಣವಿಲ್ಲ, ಅರಿವೆಯಿಲ್ಲ. ಒಂದು ನವಿಲುಗರಿಯ ಪಿಂಛಿ, ಒಂದು ಕಮಂಡಲು, ಬಹಳವಾದರೆ ಓದಲು ಒಂದು ಶಾಸ್ತ್ರಗ್ರಂಥ. ವರ್ಷದ ಬಹುಕಾಲ ಊರಿಂದೂರಿಗೆ ಕಾಲ್ನಡಿಗೆಯ ವಿಹಾರ. ಮಳೆಗಾಲದಲ್ಲಾದರೋ ನೆಲವೆಲ್ಲ ಹಸುರಿನಿಂದಲೂ ಕ್ರಿಮಿಕೀಟಗಳಿಂದಲೂ ತುಂಬಿ, ಇಟ್ಟ ಹೆಜ್ಜೆಗೊಂದು ಜೀವ ಹೋದೀತೆಂಬ ಅಂಜಿಕೆಯಿರುವುದರಿಂದ, ಆಷಾಢ ಶುಕ್ಲ ಚತುರ್ದಶಿಯಂದು ಎಲ್ಲಿ ವರ್ಷಾಯೋಗವನ್ನು ಸ್ಥಾಪಿಸುವರೋ ಅಲ್ಲಿಯೇ ದೀಪಾವಳಿಯವರೆಗೆ ನಿಲ್ಲತಕ್ಕದ್ದು. ಇದನ್ನೇ ಜನ ಚಾತುರ್ಮಾಸ ಕೂಡುವುದೆನ್ನುತ್ತಾರೆ. ನಮ್ಮ ದೊಡ್ಡ ಹಬ್ಬಗಳ ಸಾಲೂ ಬರುವುದು ಇದೇ ಅವಧಿಯಲ್ಲಿ! ಗಂಡನ ಮನೆಯಿಂದ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕಿ ಉಂಡಿ, ಅಳ್ಳಿಟ್ಟು ಹಂಚುವ ನಾಗರಪಂಚಮಿ, ಬಸ್ತಿಗಳಲ್ಲಿ ಹತ್ತು ದಿನ ನಡೆಯುವ ಭಾದ್ರಪದದ ದಶಲಕ್ಷಣ ಪರ್ವ, ಅದರ ಕೊನೆಗೆ ಅನಂತನ ನೋಂಪಿ, ರೈತರು ಹೊಲದಲ್ಲಿ ಚರಗ ಚೆಲ್ಲುವ ಸೀಗಿ ಹುಣ್ಣಿಮೆ, ಎಲ್ಲವೂ ಆ ಕಟ್ಟಿನೊಳಗೇ ಬರುವವು. ಊರಿನಲ್ಲಿ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿ ಆರತಿ ಬೆಳಗಿ ಬಿಸಿನೀರು ಎರೆಯುವರಷ್ಟೆ. ಸ್ನಾನತ್ಯಾಗವನ್ನೇ ತನ್ನ 28 ಮೂಲಗುಣಗಳಲ್ಲೊಂದಾಗಿ ಪಾಲಿಸುವ ಮುನಿಯು ಅದೇ ಚತುರ್ದಶಿಯ ರಾತ್ರಿ ವರ್ಷಾಯೋಗವನ್ನು ಮುಗಿಸಿ, ಮರುಬೆಳಗು ಮಹಾವೀರ ನಿರ್ವಾಣದ ಪೂಜೆಗೆ ಸಾಕ್ಷಿಯಾಗುವನು.

ಭೋಜದ ಪಾಟೀಲ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಸಾತಗೌಡರು, ಎಂದರೆ ಮುಂದಿನ ಶಾಂತಿಸಾಗರರು, ಗೃಹಸ್ಥರಾಗಿದ್ದಾಗ, ಊರಿಗೆ ಬಂದ ಮುನಿಗಳನ್ನು ತಮ್ಮ ಹೆಗಲ ಮೇಲೆ ಕೂಡಿಸಿಕೊಂಡು ವೇದಗಂಗಾ ದೂಧಗಂಗೆಗಳ ಸಂಗಮವನ್ನು ದಾಟಿಸುತ್ತಿದ್ದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳಿದ್ದಾರೆ. ಆ ಕಾಲಕ್ಕೆ ದಿಗಂಬರ ಮುನಿಗಳೇ ಅತಿ ವಿರಳರಾಗಿದ್ದು, ಉತ್ತರ ಹಿಂದುಸ್ಥಾನದ ಶ್ರಾವಕರಿಗಂತೂ ಮುನಿಯೆಂಬುದು ಗ್ರಂಥದಲ್ಲಿ ಓದುವ ವಿಷಯವೇ ಆಗಿತ್ತು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನೂ 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದವನ್ನೂ ಪಡೆದ ಶಾಂತಿಸಾಗರರು 1927ರಲ್ಲಿ ಕುಂಭೋಜದಿಂದ ಸಂಘಸಮೇತರಾಗಿ ಸಮ್ಮೇದ ಶಿಖರಕ್ಕೆ ನಡೆದು ಹೊರಟರು. ಯಾತ್ರೆಯೇನೋ ಮುಗಿಯಿತು, ಆದರೆ ಕೂಡಲೇ ಮರಳಿ ಬರಲಿಲ್ಲ: 1928ರ ಚಾತುರ್ಮಾಸ ಕಟನಿಯಲ್ಲಿ, ಮುಂದೆ ಲಲಿತಪುರ, ಮಥುರಾ, ದಿಲ್ಲಿ, ಹೀಗೆ ಪ್ರತಿ ಮಳೆಗಾಲಕ್ಕೊಂದು ಹೊಸ ಊರು.

ಚಾತುರ್ಮಾಸ ಕೂತ ಊರಿಗೆ ಆ ನಾಲ್ಕು ತಿಂಗಳೂ ಹಬ್ಬವೆಂಬುದನ್ನು ನೋಡಿದವರೇ ಬಲ್ಲರು. ಹೊತ್ತೇರುವ ಮೊದಲೇ ಮಡಿ ಉಟ್ಟ ದಂಪತಿಗಳು ಕಲಶವನ್ನೂ ತೆಂಗಿನಕಾಯಿಯನ್ನೂ ಹಿಡಿದು ತಂತಮ್ಮ ಬಾಗಿಲಲ್ಲಿ ನಿಲ್ಲುವರು. ಬಲಗೈ ಬೆರಳುಗಳನ್ನು ಹೆಗಲಿಗೆ ತಾಗಿಸಿಕೊಂಡು ಮೌನವಾಗಿ ಬರುವ ಮುನಿಯನ್ನು ಕಂಡೊಡನೆ ಬೀದಿಯುದ್ದಕ್ಕೂ "ನಮೋಸ್ತು, ನಮೋಸ್ತು, ಅತ್ರ ತಿಷ್ಠ, ತಿಷ್ಠ" ಎಂಬ ಕರೆ ಏಳುವುದು. ಮುನಿ ಮನಸ್ಸಿನಲ್ಲಿ ಮಾಡಿಕೊಂಡ ಗುಪ್ತಸಂಕಲ್ಪಕ್ಕೆ ಕೂಡಿಬಂದ ಮನೆಯಲ್ಲಿ ಮಾತ್ರ, ನಿಂತುಕೊಂಡೇ, ಬೊಗಸೆಯಲ್ಲಿ, ದಿನಕ್ಕೊಮ್ಮೆ ಆಹಾರ. ತುತ್ತಿನಲ್ಲಿ ಒಂದು ಕೂದಲೆಳೆ ಸಿಕ್ಕರೂ ಅಂತರಾಯವಾಗಿ ಅಂದಿನ ಊಟ ಅಲ್ಲಿಗೇ ನಿಂತಿತು. ಜೋಳದ ರೊಟ್ಟಿಯ ನಾಡಿನಿಂದ ಹೋದವರಿಗೆ ಉತ್ತರದಲ್ಲಿ ಏನು ಬಡಿಸುತ್ತಿದ್ದರೋ, ಅವರೇನೂ ಕೇಳುವಂತಿರಲಿಲ್ಲ. ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಹಿಡಿದು ದೇಹವಿಟ್ಟಿದ್ದೂ ಇಂಥದೇ ಒಂದು ಚಾತುರ್ಮಾಸದ ನಡುವೆ, ಭಾದ್ರಪದ ಮಾಸದಲ್ಲಿಯೇ.

ದೇಶಭೂಷಣರ ವಿಷಯದಲ್ಲಿ ನನಗೆ ವಿಶೇಷ ಅಭಿಮಾನವಿದೆ. ರತ್ನಾಕರವರ್ಣಿಯ ಭರತೇಶ ವೈಭವ, ರತ್ನಾಕರಾಧೀಶ್ವರ ಶತಕಗಳನ್ನು ಹಿಂದಿಗೆ ತಂದು ಉತ್ತರದ ಶ್ರಾವಕರಿಗೆ ಓದಿಸಿದವರು ಅವರು. ಬರಿಗೈಯ ಸಂನ್ಯಾಸಿಯೊಬ್ಬನು ಕನ್ನಡಕ್ಕೆ ಮಾಡಿದ ಈ ಸೇವೆಯನ್ನು ನಮ್ಮ ಸಾಹಿತ್ಯಚರಿತ್ರಕಾರರು ಇನ್ನಷ್ಟು ಗಮನಿಸಬೇಕಾಗಿತ್ತು. ಅವರಿಂದಲೇ 1963ರಲ್ಲಿ ದಿಲ್ಲಿಯಲ್ಲಿ ದೀಕ್ಷೆ ಪಡೆದವರು ಶೇಡಬಾಳದ ವಿದ್ಯಾನಂದರು. 1925ರಲ್ಲಿ ಜನಿಸಿದ ಈ ವಿದ್ವನ್ಮುನಿಗಳು ದಿಲ್ಲಿಯ ಕುಂದಕುಂದ ಭಾರತಿಯಲ್ಲಿದ್ದು ಪ್ರಾಕೃತದ ಅಧ್ಯಯನಕ್ಕೆ ಬೆಂಬಲವಾಗಿ ನಿಂತು, 2019ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು.

ದೂಧಗಂಗೆಯ ದಂಡೆಯ ಸದಲಗೆಯಾದರೂ ಸಾಮಾನ್ಯ ಗ್ರಾಮವಲ್ಲ. ಪ್ರವಚನಸಾರವನ್ನು ಸಂಪಾದಿಸಿದ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಆ. ನೇ. ಉಪಾಧ್ಯೆಯವರ ಹುಟ್ಟೂರು ಅದು. ಅಲ್ಲಿಯೇ 1946ರ ಅಕ್ಟೋಬರ್ 10ರಂದು, ಸೀಗಿ ಹುಣ್ಣಿಮೆಯ ದಿನ, ಅಷ್ಟಗೆ ಮನೆತನದಲ್ಲಿ ಹುಟ್ಟಿದ ವಿದ್ಯಾಧರನು ಇಪ್ಪತ್ತೆರಡು ತುಂಬುವ ಮೊದಲೇ, 1968ರಲ್ಲಿ, ಅಜ್ಮೇರಿನಲ್ಲಿ ಜ್ಞಾನಸಾಗರರಿಂದ ದೀಕ್ಷೆ ಪಡೆದು ವಿದ್ಯಾಸಾಗರನಾದನು. ಕನ್ನಡ ಶಾಲೆಯಲ್ಲಿ ಓದಿದ ಈತನು ಹಿಂದಿಯಲ್ಲಿ ಮೂಕಮಾಟಿ ಎಂಬ ಮಹಾಕಾವ್ಯವನ್ನೇ ಬರೆದನೆಂಬುದು ಅಚ್ಚರಿಯ ಮಾತು. ಮುಂದೆ ಇವರು ವಿಹರಿಸಿದ ಬುಂದೇಲಖಂಡದವರು ಇವರನ್ನು ತಮ್ಮವರೆಂದೇ ತಿಳಿದರು. ನಮ್ಮ ಪತ್ರಿಕೆಗಳು ಆಗಾಗ ಎಚ್ಚೆತ್ತು "ಕನ್ನಡದ ಕಣ್ಮಣಿ" ಎಂದು ಬರೆಯುವುದುಂಟು. ಊರು, ಬಳಗ, ಭಾಷೆಗಳ ಮಮಕಾರವನ್ನೇ ಬಿಟ್ಟವರ ಮೇಲೆ ಈ ಹಕ್ಕುಸಾಧನೆ ತಕ್ಕುದಲ್ಲವೆಂದು ತಿಳಿದೂ ನಾವು ಸುಮ್ಮನಿರಲಾರೆವು, ಈ ಲೇಖನವೂ ಅದಕ್ಕೆ ಹೊರತಲ್ಲ. ತಂದೆತಾಯಿಗಳೂ ತಮ್ಮಂದಿರೂ ಒಬ್ಬೊಬ್ಬರಾಗಿ ದೀಕ್ಷೆ ಹಿಡಿದುದರಿಂದ, ಹಬ್ಬಕ್ಕೆ ಮಗನ ದಾರಿ ನೋಡುವ ಮನೆಯೇ ಕ್ರಮೇಣ ಬರಿದಾಯಿತು. 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದ ಚಂದ್ರಗಿರಿಯಲ್ಲಿ ವಿದ್ಯಾಸಾಗರರು ದೇಹ ಬಿಟ್ಟ ತರುವಾಯ, ಅದೇ ವರ್ಷ ಆಚಾರ್ಯಪದಕ್ಕೆ ಬಂದ ಸಮಯಸಾಗರರೂ ಗೃಹಸ್ಥಾವಸ್ಥೆಯಲ್ಲಿ ಆ ಮನೆಯವರೇ, ಅವರ ಒಡಹುಟ್ಟಿದ ತಮ್ಮ.